ಅಡೊಮಾಕೊನ ಕಿವಿ

ಕುಮಾಸಿ ಪಟ್ಟಣದ ಸುವಾಮೆ ಗ್ಯಾರೇಜು ಸಾಲಿನಲ್ಲಿ ಅಡೊಮಾಕೊನಿಗಿಂತ ಅವನ ಕಿವಿಗೇ ಹೆಚ್ಚು ಹೆಸರು. ಚಕ್ರ ಕೂರಿಸುವಾಗ ನಟ್ಟುಗಳನ್ನು ಮೊದಲು ಬೆರಳಲ್ಲೇ ತಿರುಗಿಸಿ ಹತ್ತಿಸುತ್ತಿದ್ದ. ಆಮೇಲೆ ನಟ್ಟು ಬಿಗಿಯುವ ಗಾಳಿ ಗನ್ನು. ಒಂದಾದ ಮೇಲೆ ಪಕ್ಕದ ನಟ್ಟಲ್ಲ, ಎದುರಿನದು. ಗುಂಯ್ ಎನ್ನುವ ಸದ್ದು ಟಕಟಕ ಬಡಿತವಾಗಿ, ಆ ಬಡಿತ ಗಡುಸಾದ ಕ್ಷಣವೇ ಬೆರಳು ತೆಗೆಯುತ್ತಿದ್ದ. ಅದಕ್ಕಿಂತ ಹೆಚ್ಚು ಬಡಿಸಿದರೆ ಬೋಲ್ಟು ಒಳಗೊಳಗೇ ಎಳೆದುಕೊಂಡು ಬಲಗೆಡುತ್ತದೆ, ಹೊರಗೆ ಮಾತ್ರ ಮದುಮಗನ ಹಾಗೆ ಮಿಂಚುತ್ತಿರುತ್ತದೆ. ಶುಕ್ರವಾರ ಬಂತೆಂದರೆ, ಮರುದಿನದ ಶವಸಂಸ್ಕಾರಗಳಿಗೆ ಜನರನ್ನು ಹೊತ್ತೊಯ್ಯುವ ವ್ಯಾನುಗಳು ಅವನ ಅಂಗಡಿಯೆದುರು ಸಾಲುಗಟ್ಟುತ್ತಿದ್ದವು.

ಕೆಲಸ ಚೊಕ್ಕ, ನಾಲಿಗೆ ಹೊಲಸು. ಎದುರು ಅಂಗಡಿಯ ಕೊನಾಡು ಗಂಡ ಸತ್ತ ಮೇಲೆ ಅವನ ಕಸುಬನ್ನೇ ಹಿಡಿದವಳು. ಅವಳು ಗನ್ನನ್ನು ಬೇಗ ನಿಲ್ಲಿಸಿ, ಚಕ್ರವನ್ನು ನೆಲಕ್ಕಿಳಿಸಿ, ಉದ್ದ ಹಿಡಿಯ ಅಳತೆ ಪಾನಾದಿಂದ ಕೈಯಾರೆ ಬಿಗಿಯುತ್ತಿದ್ದಳು. ಬೇಕಾದಷ್ಟು ಬಿಗಿಯಾದೊಡನೆ ಅದು ಟಕ್ಕೆಂದು ಅಂಗೈಗೇ ಬಡಿದು ಹೇಳುತ್ತದೆ. ಅವಳಿನ್ನೂ ಸೂತಕದ ಕಪ್ಪು ಬಟ್ಟೆ ಬಿಟ್ಟಿರದ ದಿನಗಳಲ್ಲೇ ಅಡೊಮಾಕೊ ಬೀದಿಗೆಲ್ಲ ಕೇಳುವಂತೆ ಅಂದಿದ್ದ:

"ಏನಮ್ಮಾ, ಗಂಡನ ಶವಪೆಟ್ಟಿಗೆ ಮೊಳೆಗೂ ಟಕ್ ಅನ್ಸಿದ್ಯೋ ಇಲ್ವೋ? ಎದ್ದು ಬಂದಾನು, ನೋಡ್ಕೋ."

ಡ್ರೈವರುಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಕೊನಾಡು ತಲೆಯೆತ್ತದೆ ಮುಂದಿನ ನಟ್ಟಿಗೆ ಹೋದಳು.

ಪಾಪದ ಫಲವೋ, ವರ್ಷಾನುಗಟ್ಟಲೆ ಕಿವಿಯ ಪಕ್ಕದಲ್ಲೇ ಬಡಿದ ಗನ್ನಿನ ಫಲವೋ, ಅವನ ಕಿವಿ ಹೋಯಿತು. ಮೊದಲು ಹೆಂಡತಿಯ ಬೈಗುಳ ಕೇಳಿಸದಾಯಿತು; ಅದನ್ನು ಲಾಭವೆಂದೇ ತಿಳಿದ. ಆಮೇಲೆ ಗನ್ನಿನ ಸ್ವರ ಬದಲಾಗುವುದೂ ತಿಳಿಯದಾಯಿತು. ಎಲ್ಲಿ ಸಡಿಲ ಉಳಿದೀತೋ ಎಂಬ ಭಯಕ್ಕೆ ಇನ್ನಷ್ಟು ಹೊತ್ತು ಒತ್ತಿ ಹಿಡಿಯತೊಡಗಿದ. ಗಿರಾಕಿಗಳು, ದಡ್ಡಮುಂಡೇವು, ಯಜಮಾನ ಈಗ ಮೊದಲಿಗಿಂತ ಗಟ್ಟಿ ಮಾಡುತ್ತಾನೆಂದು ಹೊಗಳಿದರು.

ಒಂದು ದಿನ ಮಾಂಪೊಂಗ್ ಏರಿನಲ್ಲಿ ಡ್ರೈವರ್ ನ್ಯಾರ್ಕೊನ ವ್ಯಾನಿನ ಹಿಂಚಕ್ರ ಕಳಚಿತು. ವ್ಯಾನು ಚರಂಡಿಗೆ ಮಗುಚಿ ಹೆಂಗಸೊಬ್ಬಳ ಸೊಂಟ ಮುರಿಯಿತು. ನ್ಯಾರ್ಕೊ ರಸ್ತೆ ಹಾಕಿದವರನ್ನು ಬೈದ. ಆದರೆ ರಿಪೇರಿಗೆ ಬಂದ ವ್ಯಾನಿನ ಪಕ್ಕ ಕುಳಿತು, ತುಂಡಾದ ಬೋಲ್ಟುಗಳನ್ನು ಅಂಗೈಯಲ್ಲಿ ಹೊರಳಿಸಿ ನೋಡಿದ ಅಡೊಮಾಕೊ. ಅವುಗಳ ಕುತ್ತಿಗೆ ಎಳೆದುಕೊಂಡು ತೆಳ್ಳಗಾಗಿತ್ತು. ಇದು ರಸ್ತೆಯ ಕೆಲಸವಲ್ಲ, ತನ್ನದು. ತುಂಡುಗಳನ್ನು ಜೇಬಿಗಿಳಿಸಿ ಬಾಯಿ ಮುಚ್ಚಿಕೊಂಡ. ಇನ್ನೊಂದು ಚಕ್ರ ಕಳಚಿದರೆ ಹೆಣ ಬೀಳುತ್ತದೆ; ಗನ್ನು ಕೆಳಗಿಟ್ಟರೆ ಮನೆಯ ಒಲೆ ಆರುತ್ತದೆ. ಉಳಿದದ್ದು ಒಂದೇ ದಾರಿ, ಕಿವಿಯ ಹಂಗಿಲ್ಲದ ಕೊನಾಡುವಿನ ಪಾನಾ. ಅದಕ್ಕೆ ಮೊದಲು, ಅಂದು ಆಡಿದ ಮಾತಿಗೆ ಅವಳ ಕ್ಷಮೆ ಕೇಳಬೇಕು.

ಆ ಊರಲ್ಲಿ ಕ್ಷಮೆ ಕೇಳಹೋಗುವವನು ಕೈಯಲ್ಲಿ ಮದ್ಯದ ಬಾಟಲಿ ಹಿಡಿದು, ತನ್ನ ಪರವಾಗಿ ಮಾತಾಡಲು ಹಿರಿಯನೊಬ್ಬನನ್ನು ಮುಂದಿಟ್ಟುಕೊಂಡು ಹೋಗಬೇಕು. ಹಿರಿಯನನ್ನು ಕರೆದರೆ ಗುಟ್ಟು ರಟ್ಟಾಗುತ್ತದೆ. ಅಡೊಮಾಕೊ ಬಾಟಲಿ ಹಿಡಿದು ಒಬ್ಬನೇ ಹೋದ, ಅದೂ ಶುಕ್ರವಾರ. ಅಷ್ಟೂ ಗನ್ನುಗಳು ಒದರುವಾಗ ಯಾರಿಗೆ ಏನು ಕೇಳಿಸೀತು ಎಂಬ ಲೆಕ್ಕ. ಅಷ್ಟರಲ್ಲಿ ಕರೆಂಟು ಹೋಗಿ, ಕಂಪ್ರೆಸರುಗಳೆಲ್ಲ ನಿಂತು, ಸಾಲಿಗೆ ಸಾಲೇ ತೆಪ್ಪಗಾಗಿದ್ದು ಅವನಿಗೆ ಹೇಗೆ ತಿಳಿಯಬೇಕು? ಕೊನಾಡುವಿನ ಕಿವಿಯ ಬಳಿ ಬಾಗಿ, ಪಿಸುಗುಟ್ಟುತ್ತಿದ್ದೇನೆ ಅಂದುಕೊಂಡು ಹೇಳಿದ:

"ತಂಗೀ, ನಂಗೆ ಕಿವಿ ಕೇಳ್ಸಲ್ಲ. ನ್ಯಾರ್ಕೊ ಚಕ್ರ ಹೋಗಿದ್ದು ನನ್ನಿಂದ್ಲೇ. ನಿನ್ ಪಾನಾ ಹಿಡಿಯೋದು ಹೇಳ್ಕೊಡು. ಯಾರ್ ಹತ್ರಾನೂ ಅನ್ಬೇಡ."

ಬೀದಿಯ ಆ ತುದಿಯವರೆಗೂ ಕೇಳಿಸಿತು. ಅವನ ಬೆನ್ನ ಹಿಂದೆ ಡ್ರೈವರುಗಳು ಒಬ್ಬೊಬ್ಬರಾಗಿ ಅವನ ಅಂಗಡಿಯೆದುರಿನಿಂದ ವ್ಯಾನು ತೆಗೆಯತೊಡಗಿದರು.

"ಮುಂದಿನ್ ಸಲ ನಿಮ್ಮವ್ವನ್ನ ಕೂರಿಸ್ಕೊಂಡು ಹೋಗ್ತೀನಿ ಬಿಡು, ಮುದಿ ಕತ್ತೆ," ಎಂದ ನ್ಯಾರ್ಕೊ, ಅವನ ಬೆನ್ನಿಗೇ. ಯಾರೋ ಕಿಸಕ್ಕೆಂದರು.

ಕೊನಾಡು ಬಾಟಲಿ ತೆಗೆದುಕೊಂಡಳು. ಮುಖದ ತುಂಬ ನಗು ತಂದುಕೊಂಡು, ಅವನ ಭುಜ ತಟ್ಟುತ್ತ, ನಿಧಾನವಾಗಿ ಹೇಳಿದಳು:

"ನಿನ್ ಕೈಗೆ ಕೊಡೋ ಬದ್ಲು ಆ ಪಾನಾನ ಚರಂಡಿಗೆ ಎಸೀತೀನಿ ಅಣ್ಣಾ. ಇವತ್ತಿಂದ ನಿನ್ ಗಿರಾಕಿಗಳೂ ನನ್ನೋರೇ. ನೀನು ಮನೇಲಿ ಒನಕೆ ಹಿಡ್ದು ಊಟಕ್ಕೆ ಫುಫು ಕುಟ್ಕೊಂಡಿರು."

ಅಡೊಮಾಕೊ ಆ ನಗುವನ್ನಷ್ಟೇ ಓದಿಕೊಂಡ. ಹೊತ್ತ ಭಾರ ಇಳಿದಂತಾಗಿ ಅವನ ಕಣ್ಣು ಒದ್ದೆಯಾಯಿತು.

"ಹಾಗಾದ್ರೆ ಬೆಳಿಗ್ಗೆ ಬೇಗ ಬರ್ಲಾ?" ಎಂದು ಕೇಳಿದ.

ಬಾ ಎನ್ನುವಂತೆ ಕೊನಾಡು ತಲೆಯಾಡಿಸಿದಳು.