ಹಾಡು ಶುರುವಾಗುವ ಮುಂಚಿನ ದನಿ

ಮೊದಲ ಬಸ್ಸಿನ ಇಂಜಿನ್ ಇನ್ನೂ ಬಿಸಿಯೇರಿಲ್ಲ. ನಿಲ್ದಾಣದ ಮೇಲಂತಸ್ತಿನ ಗಾಜಿನ ಗೂಡಿನಲ್ಲಿ ಕೂತ ಹೆಂಗಸು ಫ್ಲಾಸ್ಕಿನಿಂದ ಒಂದು ಗುಟುಕು ಬಿಸಿನೀರು ಕುಡಿದು, ಮೈಕಿನ ಕತ್ತನ್ನು ತಮ್ಮತ್ತ ಬಗ್ಗಿಸಿಕೊಂಡು ಗುಂಡಿ ಒತ್ತುತ್ತಾರೆ. "ಪ್ರಯಾಣಿಕರ ಗಮನಕ್ಕೆ. ಬಂದರಿಗೆ ಹೋಗುವ ಬಸ್ಸು ಹೊರಡಲು ಸಿದ್ಧವಾಗಿದೆ." ಕೆಳಗೆ ಬೆಂಚುಗಳ ಮೇಲೆ ತೂಕಡಿಸುತ್ತಿದ್ದವರು ಗಡಬಡಿಸಿ ಎದ್ದು ಗಂಟುಮೂಟೆ ಎತ್ತಿಕೊಳ್ಳುತ್ತಾರೆ.

"ಹೆತ್ತ ತಾಯಿ ಕೂಡ ನನ್ನನ್ನ ಇಷ್ಟು ಮುದ್ದಾಗಿ ಎಬ್ಬಿಸಿಲ್ಲ" ಎಂದು ಒಬ್ಬ ಚಾಲಕ ನಗುತ್ತಾನೆ. ಈ ದನಿಯನ್ನು ದಿನಕ್ಕೆ ಸಾವಿರಾರು ಜನ ಕೇಳುತ್ತಾರೆ. ಮುಖ ನೋಡಿದವರು ಬೆರಳೆಣಿಕೆಯಷ್ಟು. ನಿಲ್ದಾಣದವರಿಗೆಲ್ಲ ಅವರು 'ಮೈಕಮ್ಮ'. ಒಂದು ಪಾಳಿಗೆ ಸುಮಾರು ಮುನ್ನೂರು ಪ್ರಕಟಣೆ, ನಡುವೆ ಕಳೆದುಹೋದ ಮಕ್ಕಳು, ಸಿಕ್ಕಿದ ಕೊಡೆಗಳು. ಚಳಿಗಾಲದಲ್ಲಿ ಗಂಟಲು ಕಟ್ಟಿದರೂ ರಜೆ ಹಾಕುವ ಹಾಗಿಲ್ಲ, ಬದಲಿಗೆ ಕೂರುವವರಿಲ್ಲ.

ಹಳೆಯ ರಾಕ್ ಅಂಡ್ ರೋಲ್ ಸಿನಿಮಾವೊಂದರ ಹಾಡುಗಳ ರೆಕಾರ್ಡು ಮುಂದಿನ ತಿಂಗಳು ಮತ್ತೆ ಬಿಡುಗಡೆಯಾಗುತ್ತಿದೆ. ಅದರಲ್ಲಿ ಈ ದನಿಯೂ ಇದೆ ಎಂದರೆ ಮೈಕಮ್ಮ ತಲೆ ತಗ್ಗಿಸುತ್ತಾರೆ. "ಇದೆ ಅಂತ ಹೇಳೋಕೂ ನಾಚಿಕೆ, ಇಲ್ಲ ಅಂತ ಹೇಳೋಕೂ ನಾಚಿಕೆ. ಅಂಥದ್ದು ಅದು."

ಅವರ ತಂದೆಗೆ ಬೀದಿಯ ತಿರುವಿನಲ್ಲಿ ಕ್ಷೌರದಂಗಡಿ ಇತ್ತು. ಎರಡು ಕುರ್ಚಿ, ಉದ್ದದ ಕನ್ನಡಿ, ಮೂಲೆಯಲ್ಲಿ ರೇಡಿಯೋ. ಬುತ್ತಿ ತಂದುಕೊಡುವ ಮಗಳು ಡಬ್ಬಿ ಖಾಲಿಯಾಗುವ ತನಕ ರೇಡಿಯೋ ಜತೆ ಗಂಟಲೆತ್ತಿ ಹಾಡುತ್ತಿದ್ದಳು. ಗಿರಾಕಿಗಳಲ್ಲಿ ಒಬ್ಬ ಸಿನಿಮಾ ವಾದ್ಯವೃಂದದಲ್ಲಿ ಸ್ಯಾಕ್ಸೋಫೋನ್ ನುಡಿಸುವವನು. ಒಂದು ದಿನ ಮುಖದ ತುಂಬ ನೊರೆ ಇರುವಾಗಲೇ ಕುರ್ಚಿಯಿಂದ ತಿರುಗಿ, "ಯಜಮಾನ್ರೇ, ಈ ಹುಡುಗೀನ ನನ್ನ ಜತೆ ಸ್ಟುಡಿಯೋಗೆ ಕಳಿಸ್ತೀರಾ?" ಎಂದ. ಕತ್ತಿ ಹಿಡಿದ ಅಪ್ಪ, "ಮೊದಲು ನೀವು ಅಲ್ಲಾಡದೆ ಕೂತ್ಕೊಳ್ಳಿ, ಆಮೇಲೆ ಮಾತು" ಎಂದರಂತೆ.

ಹೀಗೆ ಇಪ್ಪತ್ತರ ಹುಡುಗಿ ಸ್ಟುಡಿಯೋ ಸೇರಿದಳು. ಊರು ಬಿಟ್ಟು ಮೋಟಾರ್ ಸೈಕಲ್ಲಿನಲ್ಲಿ ತಿರುಗುವ ಹಾಡುಗಾರರ ಗುಂಪಿನ ಕಥೆ ಆ ಸಿನಿಮಾ. ಏಳು ಹಾಡು, ಮೂರು ದಿನ. ಗೋಡೆಗೆಲ್ಲ ಹಳೆಯ ಕಂಬಳಿ ಬಡಿದ ಕೋಣೆಯಲ್ಲಿ ಎರಡು ಗಿಟಾರ್, ಸ್ಯಾಕ್ಸೋಫೋನ್. ಡ್ರಮ್ಮಿನವನನ್ನು ಮರದ ಹಲಗೆಯ ಹಿಂದೆ ಕೂರಿಸಿದ್ದರು. ಅವನಿಗೆ ಯಾರ ಕೈಸನ್ನೆಯೂ ಕಾಣುತ್ತಿರಲಿಲ್ಲ. ಹಾಗಾಗಿ ಪ್ರತಿ ಹಾಡಿಗೂ ಮುಂಚೆ ಹಾಡುವವಳೇ ಜೋರಾಗಿ ಎಣಿಸಬೇಕಿತ್ತು. "ನಾನು ನಾಲ್ಕು ಅನ್ನೋದೇ ತಡ, ಇಡೀ ಕೋಣೆ ಮೈಮೇಲೆ ಬಿದ್ದಂಗೆ ಆಗೋದು. ಕಾಲು ನೆಲದ ಮೇಲೆ ನಿಲ್ತಿರಲಿಲ್ಲ" ಎನ್ನುವಾಗ ಮಾತ್ರ ಮೈಕಮ್ಮನ ಮುಖ ಅರಳುತ್ತದೆ. ಮೂರನೇ ದಿನ ಸಂಗೀತ ನಿರ್ದೇಶಕ ಬೆನ್ನು ತಟ್ಟಿ, "ನಿನ್ನ ದನಿ ಮನೆಮನೆಗೂ ಹೋಗುತ್ತೆ ಮಗಳೇ" ಎಂದರು.

ರೆಕಾರ್ಡು ಮಾರಾಟಕ್ಕೆ ಬಂದ ದಿನ ಅಪ್ಪ ತಮ್ಮ ಅಂಗಡಿಯ ಬಾಗಿಲು ಹಾಕಿಕೊಂಡು ಹೋಗಿ ಕೊಂಡು ತಂದರು. ಪಕ್ಕದ ದರ್ಜಿಯಿಂದ ರೆಕಾರ್ಡ್ ಪ್ಲೇಯರ್ ಕೇಳಿ ತಂದು, ಕ್ಷೌರದ ಕುರ್ಚಿಗಳನ್ನೂ ಬೀದಿಗೆ ಎಳೆದು ಹಾಕಿ, ಸಂಜೆ ನೆರೆಹೊರೆಯನ್ನೆಲ್ಲ ಕರೆದರು. ಮುಳ್ಳು ಇಳಿಯಿತು. "ಒಂದು, ಎರಡು, ಮೂರು, ನಾಲ್ಕು!" ಅಪ್ಪ ಎದ್ದು ನಿಂತು ಚಪ್ಪಾಳೆ ಹೊಡೆದರು. ಆಮೇಲೆ ಹಾಡು ಬಂತು. ದನಿ ಬೇರೆಯವರದು.

"ಇದೇನಾ ನಿಮ್ಮ ಮಗಳು?" ಎಂದು ಯಾರೋ ಕೇಳಿದರು. ಅಪ್ಪ, "ತಡೀರಿ, ಮುಂದಿನ ಹಾಡಲ್ಲಿ ಬರ್ತಾಳೆ" ಎಂದರು. ಮುಂದಿನದರಲ್ಲೂ ಬರಲಿಲ್ಲ. ಮಗ್ಗುಲು ತಿರುಗಿಸಿ ಹಾಕಿದರು. ಅಪ್ಪ ಮುಳ್ಳನ್ನೇ ನೋಡುತ್ತ ಕೂತಿದ್ದರು. ಅವರ ಮುಖ ನೋಡಿ ಯಾರಿಗೂ ಎದ್ದು ಹೋಗುವ ಧೈರ್ಯವಾಗಲಿಲ್ಲ. ಏಳೂ ಹಾಡು ಮುಗಿದವು. ಅಷ್ಟು ಹೊತ್ತಿಗೆ ಮಗಳು ಒಳಗೆ ಸೇರಿ ಚಿಲಕ ಹಾಕಿಕೊಂಡಿದ್ದಳು.

ನಡೆದದ್ದನ್ನು ವಾರದ ಬಳಿಕ ಸ್ಯಾಕ್ಸೋಫೋನಿನವನು ತಲೆ ಕೆರೆದುಕೊಳ್ಳುತ್ತ ಹೇಳಿದ. ಹೊಸ ಹುಡುಗಿಯ ಹೆಸರಿಗೆ ರೆಕಾರ್ಡು ಮಾರಾಟ ಆಗಲ್ಲ ಎಂದು ನಿರ್ಮಾಪಕರು ಹೆಸರಾಂತ ಗಾಯಕಿಯನ್ನು ಕರೆಸಿ, ಅದೇ ವಾದ್ಯಗಳ ಮೇಲೆ ಎಲ್ಲವನ್ನೂ ಮತ್ತೆ ಹಾಡಿಸಿದ್ದರು. ಹುಡುಗಿಯ ಹಾಡು ಅಳಿಸಿಹೋಯಿತು. ಜೋರಾಗಿ ಎಣಿಸಿದ್ದು ಮಾತ್ರ ಡ್ರಮ್ಮಿನ ಮೈಕಿನೊಳಗೂ ನುಗ್ಗಿಬಿಟ್ಟಿತ್ತು. ಮೊದಲ ಹಾಡಿನ ಎಣಿಕೆ ಕೇಳಲು ಚೆನ್ನಾಗಿದೆ ಎಂದು ಹಾಗೇ ಉಳಿಸಿದ್ದರು. ಅವಳಿಗೆ ಒಂದು ಮಾತು ತಿಳಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಬೀದಿಗೆ ಅಷ್ಟೇ ಸಾಕಾಯಿತು. ಹುಡುಗಿಗೆ 'ಒಂದೆರಡು' ಎಂದೇ ಹೆಸರು ಬಿತ್ತು. "ಏನಮ್ಮಾ ಒಂದೆರಡು, ಮೂರು ನಾಲ್ಕು ಎಲ್ಲಿ?" ಎಂದು ನಲ್ಲಿಯ ಹತ್ತಿರ ಕೇಳುವರು. ಅವಳು ಕೊಡ ಅರ್ಧ ತುಂಬುವ ಮುಂಚೆಯೇ ಹೊರಟುಬಿಡುವಳು. ಕ್ರಮೇಣ ಮನೆಯೊಳಗೂ ಹಾಡುವುದನ್ನು ಬಿಟ್ಟಳು.

ಅಪ್ಪನಿಗೆ ಮಾತ್ರ ಯಾವುದೂ ನಾಟಲಿಲ್ಲ. ಅವರು ಹಳೆಯ ರೆಕಾರ್ಡ್ ಪ್ಲೇಯರ್ ಒಂದನ್ನು ಸಂಪಾದಿಸಿ ಅಂಗಡಿಯಲ್ಲಿ ಇಟ್ಟುಕೊಂಡರು. ಹೊಸ ಗಿರಾಕಿಯ ಮುಖಕ್ಕೆ ನೊರೆ ಹಚ್ಚಿ, ಅವನು ಏಳಲಾರದ ಹೊತ್ತು ನೋಡಿ, ಮುಳ್ಳು ಇಳಿಸುವರು. "ಒಂದು, ಎರಡು, ಮೂರು, ನಾಲ್ಕು!" ತಕ್ಷಣ ಮುಳ್ಳು ಎತ್ತಿ, "ಇದು ನನ್ನ ಮಗಳು" ಎನ್ನುವರು. ಮುಂದಿನ ಹಾಡನ್ನು ಕೇಳಿಸುತ್ತಲೇ ಇರಲಿಲ್ಲ.

ಒಂದು ಮಧ್ಯಾಹ್ನ ಅವಳು ಬುತ್ತಿ ಹಿಡಿದು ಒಳಗೆ ಬರುವುದಕ್ಕೂ, ಕುರ್ಚಿಯಲ್ಲಿದ್ದ ಗಿರಾಕಿ ಕನ್ನಡಿಗೆ ನೊರೆ ಸಿಡಿಯುವಂತೆ ನಗುವುದಕ್ಕೂ ಸರಿಹೋಯಿತು. "ಭೇಷ್! ಮಗಳಿಗೆ ಎಣಿಸೋದು ಚೆನ್ನಾಗಿ ಕಲಿಸಿದ್ದೀರಿ."

ಅಪ್ಪನೂ ನಕ್ಕರು. ಆ ನಗುವನ್ನು ಮಗಳಿಗೆ ತಡೆಯಲಾಗಲಿಲ್ಲ.

"ನಿಮಗೆ ನಾಚಿಕೆ ಆಗಲ್ವಾ ಅಪ್ಪಾ?"

"ನಾಚಿಕೆ ಯಾಕಮ್ಮಾ? ಅಷ್ಟು ಜನ ನುಡಿಸೋಕೆ ಶುರು ಮಾಡಿದ್ದು ನಿನ್ನ ಮಾತು ಕೇಳಿ ಅಲ್ವಾ?"

ಅವಳು ರೆಕಾರ್ಡನ್ನು ಕಿತ್ತು ಬಾಗಿಲಾಚೆ ಎಸೆದಳು. ಸಾಮಾನು ತುಂಬಿದ ಕೈಗಾಡಿಯೊಂದು ಅದರ ಮೇಲೆ ಹರಿದುಹೋಯಿತು. ಅಪ್ಪ ಹೆಗಲ ಮೇಲಿನ ಟವೆಲ್ಲಿನಲ್ಲಿ ಕೈ ಒರೆಸಿಕೊಂಡು ಹೊರಗೆ ಹೋದರು. ಬೀದಿಯ ಮಂದಿಯೆಲ್ಲ ನೋಡುತ್ತಿರುವಾಗಲೇ ಬಗ್ಗಿ ಚೂರುಗಳನ್ನು ಆಯ್ದು ಟವೆಲ್ಲಿಗೆ ಹಾಕಿಕೊಂಡರು. ಒಳಗೆ ಬಂದು, ಅರ್ಧ ಕ್ಷೌರ ಉಳಿದಿದ್ದ ಗಿರಾಕಿಯ ಇನ್ನೊಂದು ಕೆನ್ನೆ ಬೋಳಿಸಿದರು. ಮಗಳನ್ನು ಒಂದು ಮಾತೂ ಅನ್ನಲಿಲ್ಲ. ಸಾಯುವ ತನಕ ಆ ಸುದ್ದಿಯನ್ನೇ ಎತ್ತಲಿಲ್ಲ.

"ಬೈದಿದ್ರೆ ಮರೀತಿದ್ದೆನೋ ಏನೋ" ಎನ್ನುತ್ತಾರೆ ಮೈಕಮ್ಮ. "ಅವರು ರಸ್ತೇಲಿ ಬಗ್ಗಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದಂಗಿದೆ. ಬೀದಿಯವರು ನಕ್ಕಿದ್ದಕ್ಕೆ ನಾನು ನಾಚ್ಕೊಂಡೆ. ನಾಚ್ಕೋಬೇಕಾಗಿದ್ದು ಬೇರೇದಕ್ಕೆ."

ಸ್ವಲ್ಪ ಕಾಲದಲ್ಲೇ ಅವರು ಬಸ್ ನಿಲ್ದಾಣದ ಟಿಕೆಟ್ ಕಿಂಡಿಗೆ ಸೇರಿದರು. ಪ್ರಕಟಣೆಯವರು ಕಾಯಿಲೆ ಬಿದ್ದಾಗ ಒಂದು ದಿನದ ಮಟ್ಟಿಗೆಂದು ಮೇಲೆ ಹತ್ತಿದವರು ಮತ್ತೆ ಇಳಿಯಲಿಲ್ಲ. ಮುಖ ತೋರಿಸದೆ ಮಾತಾಡುವ ಕೆಲಸ ಅವರಿಗೆ ಹಿತವಾಗಿತ್ತು. ಮದುವೆಯಾಯಿತು, ಇಬ್ಬರು ಹೆಣ್ಣುಮಕ್ಕಳನ್ನು ಸಾಕಿ ಬೆಳೆಸಿದರು. ಅವರಿಗೂ ರೆಕಾರ್ಡಿನ ಕಥೆ ಹೇಳಲಿಲ್ಲ.

ಕಳೆದ ತಿಂಗಳು ರೆಕಾರ್ಡು ಕಂಪನಿಯ ಯುವತಿಯೊಬ್ಬಳು ಗಾಜಿನ ಗೂಡಿನ ಬಾಗಿಲು ತಟ್ಟಿದಳು. ರೆಕಾರ್ಡಿನ ಹೊಸ ಹೊದಿಕೆಯ ಮೇಲೆ ನುಡಿಸಿದವರೆಲ್ಲರ ಹೆಸರು ಹಾಕುತ್ತಿದ್ದಾರೆ. ಎಣಿಸಿದವರು ಯಾರೆಂದು ಮುದಿ ಡ್ರಮ್ಮಿನವನು ಹೇಳಿದ್ದ. ಮೈಕಮ್ಮ ತಲೆಯೆತ್ತದೆ, "ಯಾರೋ ನಿಮಗೆ ತಪ್ಪು ಹೇಳಿದ್ದಾರೆ ಕಣಮ್ಮಾ" ಎಂದರು. ಯುವತಿ ಕೆಳಗಿಳಿದು ಬೆಂಚಿನ ಮೇಲೆ ಕೂತಳು. ಹತ್ತಾರು ಬಸ್ಸುಗಳ ಪ್ರಕಟಣೆ ಕೇಳಿ ಮತ್ತೆ ಮೇಲೆ ಬಂದಳು. "ನೀವೇ ಮೇಡಂ. ಬೇಡ ಅಂದ್ರೆ ಹೆಸರು ಹಾಕಲ್ಲ, ಆದರೆ ನೀವೇ."

ಮೈಕಮ್ಮ ಬೇಡ ಎಂದೇ ಹೇಳಿ ಕಳಿಸಿದರು. ಆ ಸಂಜೆ ಮನೆಯಲ್ಲಿ ಹೆಣ್ಣುಮಕ್ಕಳನ್ನು ಕೂರಿಸಿಕೊಂಡು, ಕೈಗಾಡಿಯನ್ನೂ ಬಿಡದೆ ಎಲ್ಲವನ್ನೂ ಹೇಳಿದರು. ಕಿರಿಯವಳು, "ತಾತ ಪಾಪ ಅಲ್ವಾಮ್ಮಾ" ಎಂದಳಂತೆ. ಬೆಳಗಾದ ಮೇಲೆ ಕಂಪನಿಗೆ ಫೋನು ಹೋಯಿತು.

"ಹಾಕಿ ಅಂದೆ. ಆದ್ರೆ ನನ್ನ ಹೆಸರಿನ ಜತೆ, ಬೀದಿ ತಿರುವಿನ ಕ್ಷೌರದಂಗಡಿಯವರ ಮಗಳು ಅಂತಾನೂ ಹಾಕಿ ಅಂದೆ. ಆ ಹುಡುಗಿ, ಜಾಗ ಮಾಡ್ಕೊಡ್ತೀನಿ ಮೇಡಂ ಅಂದ್ಳು."

ಹೇಳುತ್ತಲೇ ಅವರು ಗಡಿಯಾರ ನೋಡುತ್ತಾರೆ. ಸೇತುವೆಯಾಚೆಯ ಬಸ್ಸು ಬಂದಿದೆ. ಪ್ರಕಟಣೆ ಮುಗಿಸಿ ಮೈಕು ಆರಿಸಿದ ಮೇಲೂ ಗಾಜಿನಾಚೆ ನೋಡುತ್ತ ಕೂರುತ್ತಾರೆ.

"ಅಪ್ಪ ಇದ್ದಿದ್ರೆ ಆ ಹೊದಿಕೇನ ಬಂದೋರಿಗೆಲ್ಲ ತೋರಿಸ್ತಿದ್ರು" ಎನ್ನುತ್ತಾರೆ ಮೆಲ್ಲಗೆ. "ತೋರಿಸ್ಲಿ ಅಂತ ನಾನೂ ಪಕ್ಕದಲ್ಲೇ ನಿಂತಿರ್ತಿದ್ದೆ."