ಮನೆ ಬಸ್ಸಿನ ಹಿಂದೆ ಅಶ್ವಿನಿಯ ಕಾರು

ಶಿಕಾರಿಪುರದ ರಾಜೇಶ್ವರಮ್ಮ ಗಂಡನನ್ನು ಹೆಸರು ಹಿಡಿದು ಕರೆದವರಲ್ಲ. ಮದುವೆಯಾದ ಹೊಸದರಲ್ಲಿ 'ರೀ' ಸಾಕಾಗುತ್ತಿತ್ತು. ಮಗಳು ಹುಟ್ಟಿದ ಮೇಲೆ ಅದೂ ಬಿಟ್ಟುಹೋಗಿ 'ಅಶ್ವಿನಿ ಅಪ್ಪಾ' ಬಂತು. ಊಟಕ್ಕೆ ಏಳಿಸಲು ಅದೇ, ಜಗಳಕ್ಕೂ ಅದೇ, ಸಂತೆಯಲ್ಲಿ ತಪ್ಪಿಸಿಕೊಂಡರೆ ಹುಡುಕುವುದಕ್ಕೂ ಅದೇ. ಹೋದ ಮಳೆಗಾಲದಲ್ಲಿ ಡೆಂಗಿ ಜ್ವರ ಬಂದು ಅಶ್ವಿನಿ ತೀರಿಕೊಂಡಳು. ಅಲ್ಲಿಂದೀಚೆಗೆ ರಾಜೇಶ್ವರಮ್ಮನಿಗೆ ಗಂಡನನ್ನು ಏನೆಂದು ಕರೆಯಬೇಕೋ ಗೊತ್ತಾಗಲಿಲ್ಲ.

ಹಾಗಾಗಿ ಕರೆಯುವುದನ್ನೇ ಬಿಟ್ಟರು. ತಟ್ಟೆ ಇಟ್ಟ ಸದ್ದಿಗೆ ಸದಾಶಿವಪ್ಪ ಎದ್ದು ಬರುತ್ತಿದ್ದರು, ತುಟಿ ಪಿಟಕ್ಕೆನ್ನದೆ ಉಂಡು ಏಳುತ್ತಿದ್ದರು. ಮಾತಾಡಿಸಲು ಬಂದವರು, 'ಗಟ್ಟಿಗಿತ್ತಿ ಕಣ್ರೀ, ಒಂದು ಹನಿ ಕಣ್ಣೀರು ಹಾಕ್ಲಿಲ್ಲ' ಅಂದುಕೊಂಡು ಹೋದರು. ಗಟ್ಟಿತನವಂತೆ! ಬಹಳ ಹೊತ್ತು ಕೂತ ಕಾಲು ಜೋಮು ಹಿಡಿಯುತ್ತದಲ್ಲ, ಹಾಗೆ ಒಳಗೆಲ್ಲ ಜೋಮು ಹಿಡಿದಿತ್ತು, ಅಷ್ಟೆ. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂಬುದು ಉಣ್ಣುವಾಗಲೂ ತಿಳಿಯುತ್ತಿರಲಿಲ್ಲ.

ಅಂಗಳದಲ್ಲಿ ಮನೆ ಬಸ್ಸು ಧೂಳು ತಿನ್ನುತ್ತ ನಿಂತಿತ್ತು. ಸದಾಶಿವಪ್ಪ ಖಾಸಗಿ ಬಸ್ಸಿನ ಡ್ರೈವರ್ ಆಗಿದ್ದವರು. ಕೆಲಸ ಬಿಡುವಾಗ ಹಳೆಯ ಮಿನಿ ಬಸ್ಸೊಂದನ್ನು ಕೊಂಡು, ಸೀಟು ಕಿತ್ತು, ಮಂಚ, ಗ್ಯಾಸ್ ಒಲೆ, ನೀರಿನ ಡ್ರಮ್ಮು ಕೂರಿಸಿದ್ದರು. ಶ್ರೀಶೈಲ, ಕೂಡಲಸಂಗಮ ಎಲ್ಲ ನೋಡಬೇಕು, ಅದರಲ್ಲೇ ಅಡುಗೆ, ಅದರಲ್ಲೇ ನಿದ್ದೆ ಎಂಬ ಆಸೆ. 'ಮನೆಗೆ ಚಕ್ರ ಹಾಕ್ಸೀಯಲ್ಲೋ ಸದಾಶಿವಪ್ಪ, ಇನ್ನು ಕಂದಾಯ ಯಾವೂರಿಗೆ ಕಟ್ತೀಯ?' ಎಂದು ಓಣಿಯವರು ಕೆಣಕಿದ್ದರು. ಎಲ್ಲಿ ಏನಿರಬೇಕು ಎಂದು ಚಿತ್ರ ಬರೆದು ಕೊಟ್ಟವಳು ಅಶ್ವಿನಿ. 'ಹಿಂದ್ಗಡೆ ಒಂದು ಕಿಟಕಿ ಬೇಕೇ ಬೇಕಪ್ಪ. ಹಿಂದಿನಿಂದ ಯಾರಾದ್ರೂ ಕರೆದ್ರೆ ಕೇಳ್ಬೇಕಲ್ಲ' ಎಂದು ಹಟ ಹಿಡಿದು ಮಾಡಿಸಿದ್ದಳು. ಬಳಿದ ಬಣ್ಣ ಒಣಗಿ ಆ ಕಿಟಕಿ ಅಂಟಿಕೊಂಡಿತು. ಅದನ್ನು ತೆಗೆಯುವಷ್ಟರಲ್ಲಿ ಅವಳೇ ಹೋದಳು.

ಮನೆ ಬಸ್ಸು ಮೊದಲ ಸಲ ಅಂಗಳ ಬಿಟ್ಟದ್ದು ಯಾತ್ರೆಗಲ್ಲ, ಸೊರಬಕ್ಕೆ. ಅಶ್ವಿನಿ ಅಲ್ಲಿನ ಶಾಲೆಯಲ್ಲಿ ಟೀಚರ್ ಆಗಿದ್ದಳು. ಅವಳ ಹಳೆಯ ಸಣ್ಣ ಕಾರು ಬಾಡಿಗೆ ಮನೆಯ ಶೆಡ್ಡಿನಲ್ಲೇ ಉಳಿದಿತ್ತು. ಶೆಡ್ಡು ಕೆಡವುತ್ತೇವೆ, ಬೇಜಾರು ಮಾಡಿಕೊಳ್ಳದೆ ಕಾರು ತೆಗೆದುಕೊಂಡು ಹೋಗಿ ಎಂದು ಮನೆಯೊಡತಿ ಮಹಾದೇವಮ್ಮ ಫೋನು ಮಾಡಿದ್ದರು. ಹೋಗಿ ನೋಡಿದರೆ ಕಾರಿನ ಬ್ಯಾಟರಿ ಸತ್ತಿತ್ತು, ಎಂಜಿನ್ ಉಸಿರೆತ್ತಲಿಲ್ಲ.

"ಮೆಕ್ಯಾನಿಕ್ಕಿಗೆ ಹೇಳಿ ಕಳಿಸ್ಲಾ?" ಎಂದರು ಮಹಾದೇವಮ್ಮ.

"ಬ್ಯಾಡ್ರಿ. ಬಸ್ಸಿಗೆ ಹಗ್ಗದ ಟೋಚನ್ ಕಟ್ಟಿ ಎಳ್ಕಂಡು ಹೋಗ್ತೀನಿ" ಎಂದರು ಸದಾಶಿವಪ್ಪ. ಮಗಳ ಕಾರಿಗೆ ಬೇರೆಯವರ ಕೈ ತಾಗುವುದು ಅವರಿಗೆ ಬೇಕಿರಲಿಲ್ಲ. ಹಾಗೆಂದು ಅವರಾದರೂ ಕಾರು ಎಳೆದವರೇ? ಜೀವಮಾನವಿಡೀ ಜನರನ್ನು ತುಂಬಿಕೊಂಡು ಓಡಿಸಿದ್ದರೇ ಹೊರತು ಹಿಂದೆ ಒಂದು ಗಾಡಿ ಕಟ್ಟಿಕೊಂಡು ಹೊರಟದ್ದಿಲ್ಲ.

ಹಗ್ಗ ಕಟ್ಟಿದ ಕಾರಿಗೆ ಸ್ಟೇರಿಂಗ್ ಹಿಡಿಯಲು, ಬ್ರೇಕು ಒತ್ತಲು ಒಬ್ಬರು ಬೇಕು. ರಾಜೇಶ್ವರಮ್ಮ ಹತ್ತಿ ಕೂತರು. ಭಾನುವಾರಗಳಂದು ಶಾಲೆಯ ಮೈದಾನದಲ್ಲಿ ಇದೇ ಕಾರಿನಲ್ಲಿ ಮಗಳು ಅವರಿಗೆ ಡ್ರೈವಿಂಗ್ ಕಲಿಸಿದ್ದಳು. ಸದಾಶಿವಪ್ಪ ಬಂದು ರಸ್ತೆಯ ಕಡೆ ನೋಡುತ್ತ ಹೇಳಿದರು: "ಒಂದು ಹಾರ್ನ್ ಹೊಡದ್ರೆ ನಿಧಾನ ಮಾಡ್ತೀನಿ. ಎರಡು ಹೊಡದ್ರೆ ನಿಲ್ಲಿಸ್ತೀನಿ." ರಾಜೇಶ್ವರಮ್ಮ ತಲೆಯಾಡಿಸಿದರು. ಮಹಾದೇವಮ್ಮನೂ ತಲೆಯಾಡಿಸಿದರು. ಬ್ಯಾಟರಿ ಸತ್ತ ಕಾರಿಗೆ ಹಾರ್ನ್ ಎಲ್ಲಿಂದ ಬರಬೇಕು ಎಂಬುದು ಆ ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಬಾಯಿಗಿಂತ ಹಾರ್ನಿನಲ್ಲೇ ಹೆಚ್ಚು ಮಾತಾಡಿದ ಮನುಷ್ಯ ಸದಾಶಿವಪ್ಪ. ಹೆಂಡತಿಯ ಜೊತೆ ಮಾತು ನಿಂತಿದ್ದ ಆ ದಿನಗಳಲ್ಲಂತೂ ಅದು ಅವರಿಗೆ ಅನುಕೂಲವಾಗಿಯೇ ಕಂಡಿರಬೇಕು.

ಶಿರಾಳಕೊಪ್ಪದವರೆಗೆ ಏನೂ ಆಗಲಿಲ್ಲ. ಹಗ್ಗ ಬಿಗಿಯಾದರೆ ಸುಮ್ಮನಿರುವುದು, ಸಡಿಲವಾದರೆ ಬಲ ಹಾಕಿ ಬ್ರೇಕು ಒತ್ತುವುದು. ರಾಜೇಶ್ವರಮ್ಮನಿಗೆ ಹೆದರಿಕೆಯೂ ಆಗಲಿಲ್ಲ. ಹೆದರಲು ಏನಾದರೂ ಉಳಿದಿರಬೇಕಲ್ಲ.

ಶಿರಾಳಕೊಪ್ಪ ದಾಟಿದ ಮೇಲೆ ರಸ್ತೆಯ ಅರ್ಧಕ್ಕೆ ಮೆಕ್ಕೆಜೋಳ ಒಣಹಾಕಿದ್ದರು. ಬಸ್ಸು ಬಲಕ್ಕೆ ಸರಿದು ಹೋಯಿತು. ಕಾಲಲ್ಲಿ ಕಾಳು ಹರವುತ್ತಿದ್ದ ಅಜ್ಜಿಯೊಬ್ಬಳು, ಗಾಡಿ ಹೋಯಿತಲ್ಲ ಎಂದು ಚದುರಿದ ಕಾಳು ಗೋರಲು ಬೆನ್ನು ಹಾಕಿ ಬಗ್ಗಿದಳು. ಬಸ್ಸಿನ ಹಿಂದೆ ಸದ್ದಿಲ್ಲದೆ ಒಂದು ಕಾರು ಬರುತ್ತಿದೆ ಎಂದು ಅವಳಾದರೂ ಹೇಗೆ ಅಂದುಕೊಂಡಾಳು? ರಾಜೇಶ್ವರಮ್ಮ ಸ್ಟೇರಿಂಗ್ ಎಳೆದರು, ತಿರುಗಲಿಲ್ಲ. ಬ್ರೇಕು ಒತ್ತಿದರು, ಎಂಜಿನ್ ಓಡದ ಕಾರಿನ ಬ್ರೇಕು ಕಲ್ಲಿನ ಹಾಗಿತ್ತು. ಎಡಗಡೆಯ ಗಾಲಿಗಳು ಕಾಳಿನ ಮೇಲೆ ಜಾರಿದವು, ಬಸ್ಸು ಎಳೆಯುತ್ತಲೇ ಇತ್ತು. ಹಾರ್ನ್ ಒತ್ತಿದರು. ಮತ್ತೆ ಒತ್ತಿದರು.

ಕಿಟಕಿಯಿಂದ ತಲೆ ಹೊರಹಾಕಿ "ರೀ!" ಎಂದರು. ಬಸ್ಸಿನ ಗದ್ದಲದಲ್ಲಿ ಅದು ಎಲ್ಲಿ ಕೇಳಬೇಕು?

"ಅಶ್ವಿನಿ ಅಪ್ಪಾ! ಅಶ್ವಿನಿ ಅಪ್ಪಾ, ನಿಲ್ಲಿಸ್ರೀ!"

ಬಸ್ಸು ನಿಂತಿತು. ಹಗ್ಗ ಸಡಿಲಾಗಿ ನೆಲಕ್ಕೆ ಬಿತ್ತು. ಕಾರಿನ ಮೂತಿ ಅಜ್ಜಿಯ ಸೆರಗಿಗೆ ತಾಗುವಷ್ಟು ಹತ್ತಿರ ಬಂದು ನಿಂತಿತು.

"ಒಂದು ಹಾರ್ನ್ ಹೊಡೀಬಾರ್ದೇನ್ರವ್ವಾ!" ಎಂದು ಅಜ್ಜಿ ಎದೆ ಹಿಡಿದುಕೊಂಡು ಬೈದಳು.

ಸದಾಶಿವಪ್ಪ ಓಡಿ ಬಂದರು. "ಹಾರ್ನ್ ಹೊಡಿ ಅಂದಿದ್ನಲ್ಲ?"

"ಬ್ಯಾಟ್ರಿ ಸತ್ತೈತಲ್ರೀ."

ಅವರು ಹಣೆ ಚಚ್ಚಿಕೊಂಡರು. ಮಗಳ ಹೆಸರು ಕಿವಿಯಲ್ಲಿ ಇನ್ನೂ ಇತ್ತೋ ಏನೋ, ಕಣ್ಣು ತುಂಬಿಕೊಂಡಿತ್ತು. ರಾಜೇಶ್ವರಮ್ಮ ತಪ್ಪು ಮಾಡಿದವರಂತೆ ಹೇಳಿದರು: "ಬಾಯಿಗೆ ಅದೇ ಬಂತು. ಮತ್ತೇನಂತ ಕರೀಲಿ?"

"ಅದನ್ನೇ ಕರಿ. ಅವ್ಳು ಹೋದ್ಲು ಅಂತ ನಾನು ಅವ್ಳಪ್ಪ ಅಲ್ದಂಗಾದೆನೇನು?"

ಜೋಮು ಹಿಡಿದ ಕಾಲನ್ನು ಊರಿದಾಗ ಮೊದಲು ಆಗುವುದು ನೋವೇ. ರಾಜೇಶ್ವರಮ್ಮನಿಗೆ ಎದೆಯೊಳಗೆ ಹಾಗೆ ನೋವಾಯಿತು, ತಡೆಯಲಾರದಷ್ಟು. ಸ್ಟೇರಿಂಗಿಗೆ ಹಣೆ ಹಚ್ಚಿ ಅತ್ತರು. ಬೈಯುತ್ತಿದ್ದ ಅಜ್ಜಿಯೇ ಚೊಂಬಿನಲ್ಲಿ ನೀರು ತಂದುಕೊಟ್ಟಳು.

ಸದಾಶಿವಪ್ಪ ಬಸ್ಸು ಹತ್ತಿದರು. ಆದರೆ ಎಂಜಿನ್ ಶುರು ಮಾಡಲಿಲ್ಲ. ಹಿಂದಿನ ಕಿಟಕಿಗೆ ಒಳಗಿನಿಂದ ಧಬಧಬ ಗುದ್ದುವ ಸದ್ದು ಕೇಳಿತು. ಒಣಗಿದ ಬಣ್ಣ ಚಕ್ಕೆಯಾಗಿ ಉದುರಿತು, ಕಿಟಕಿ ತೆರೆಯಿತು.

ಅಲ್ಲಿಂದ ಮುಂದೆ ಬಸ್ಸಿನೊಳಗಿನ ಪಾತ್ರೆಗಳ ಗಲಗಲ ಕಾರಿನವರೆಗೂ ಕೇಳುತ್ತಿತ್ತು. ಊರ ಕೆರೆ ಕಾಣುವ ಹೊತ್ತಿಗೆ ರಸ್ತೆ ಖಾಲಿ ಇತ್ತು, ಹಗ್ಗ ನೆಟ್ಟಗಿತ್ತು.

"ಅಶ್ವಿನಿ ಅಪ್ಪಾ!" ಎಂದು ಕೂಗಿದರು ರಾಜೇಶ್ವರಮ್ಮ.

ಬಸ್ಸು ನಿಧಾನವಾಯಿತು. "ಏನಾತು?"

"ಏನಿಲ್ಲ, ಹೋಗ್ರಿ."