ವಾಲಿ ನಿಂತಿದ್ದ ಲಾರಿ

ತಿಪ್ಪೇಶಣ್ಣ ಡೀಸೆಲ್ ಕದ್ದಿರಲಿಲ್ಲ. ಅದು ನನಗೆ ಅವತ್ತೇ ಗೊತ್ತಿತ್ತು. ಗೊತ್ತಿದ್ದೂ ನಾಲ್ಕು ಜನರ ಎದುರು, ಅವನು ಕದ್ದಿರಬಹುದು ಅನ್ನುವ ಹಾಗೆ ಮಾತಾಡಿದವನು ನಾನು. ಕದ್ದ ಎಂದು ನೇರವಾಗಿ ಹೇಳಲಿಲ್ಲ — ಹೇಳಿದ್ದರೆ ಅವನು ಜಗಳಕ್ಕಾದರೂ ನಿಲ್ಲುತ್ತಿದ್ದನೇನೋ. ನಾನು ಆಡಿದ್ದು ಅದಕ್ಕಿಂತ ಜಾಣ ಮಾತು. ಈಗ ಅದನ್ನು ನೆನೆದರೆ ಆ ಜಾಣತನಕ್ಕೇ ಹೆಚ್ಚು ನಾಚಿಕೆಯಾಗುತ್ತದೆ.

ನನ್ನ ಹೆಸರು ಮಂಜುನಾಥ. ಹಿರಿಯೂರಿನಲ್ಲಿ ಹೆದ್ದಾರಿ ಪಕ್ಕ ಲಾರಿ ರಿಪೇರಿ ಮಾಡುತ್ತೇನೆ. ತಿಪ್ಪೇಶಣ್ಣ ಹೊಸದುರ್ಗದ ಶೇಖರಪ್ಪನವರ ಲಾರಿಯ ಡ್ರೈವರ್ ಆಗಿದ್ದ; ತೆಂಗಿನಕಾಯಿ, ಕೊಬ್ಬರಿ ಹೇರಿಕೊಂಡು ಊರೂರು ತಿರುಗುತ್ತಿದ್ದ. ನಾನು ಗ್ಯಾರೇಜು ತೆರೆದ ಹೊಸತರಲ್ಲಿ ಯಾರೂ ಈ ಕಡೆ ತಿರುಗಿಯೂ ನೋಡದಿದ್ದಾಗ, "ಹುಡುಗನಿಗೆ ಕೆಲಸ ಬರ್ತೈತೆ, ಒಂದ್ಸಲ ಕೊಟ್ಟು ನೋಡ್ರಿ" ಎಂದು ಮಾಲೀಕರನ್ನು ಒಪ್ಪಿಸಿ, ಮೊದಲ ಗಾಡಿ ತಂದು ನಿಲ್ಲಿಸಿದವನು ಅವನು. ಇದನ್ನು ಮೊದಲೇ ಹೇಳಿಬಿಡಬೇಕು. ಇಲ್ಲದಿದ್ದರೆ ನಾನು ಮಾಡಿದ್ದು ಎಂಥ ಕೆಲಸ ಎಂದು ನಿಮಗೆ ಪೂರ್ತಿ ತಿಳಿಯುವುದಿಲ್ಲ.

ಕೆಲವು ವರ್ಷಗಳ ಹಿಂದೆ ನನಗೆ ಹೈಡ್ರೋಜನ್ ಹುಚ್ಚು ಹಿಡಿಯಿತು. ಒಂದು ಸ್ಟೀಲ್ ಡಬ್ಬಿಯಲ್ಲಿ ನೀರು, ಅದಕ್ಕೆ ಲಾರಿಯದೇ ಕರೆಂಟು. ನೀರು ಒಡೆದು ಹೈಡ್ರೋಜನ್ ಏಳುತ್ತದೆ, ಅದನ್ನು ಎಂಜಿನ್ ಎಳೆದುಕೊಳ್ಳುವ ಗಾಳಿಗೆ ಸೇರಿಸಿದರೆ ಡೀಸೆಲ್ ಚೆನ್ನಾಗಿ ಉರಿದು ಮೈಲೇಜ್ ಏರುತ್ತದೆ — ಈ ಡಬ್ಬಿಯ ಕಿಟ್ ಮಾರುವವನು ಹೀಗೆ ಹೇಳಿದ್ದ. ಹೈಡ್ರೋಜನ್ ಉರಿಯುವುದು ಸುಳ್ಳಲ್ಲ. ದೊಡ್ಡ ದೊಡ್ಡವರು ಅದರ ಮೇಲೆ ಕೆಲಸ ಮಾಡುತ್ತಿದ್ದಾರೆ, ಆ ವಿದ್ಯೆಯನ್ನು ನಾನು ದೂರುವುದಿಲ್ಲ. ಆದರೆ ನನ್ನ ಡಬ್ಬಿಗೆ ಬೇಕಾದ ಕರೆಂಟನ್ನು ಎಂಜಿನ್ನೇ ದುಡಿದು ಕೊಡಬೇಕು, ದುಡಿಯಬೇಕಾದರೆ ಡೀಸೆಲ್ ಸುಡಲೇಬೇಕು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡ ಹಾಗೆ. ಇಷ್ಟು ನನಗೆ ತಿಳಿಯದ್ದೇನಲ್ಲ — ಯೋಚಿಸಲು ಹೋಗಲಿಲ್ಲ. ಪೈಪಿನೊಳಗೆ ಗುಳ್ಳೆ ಏಳುವುದನ್ನು ನೋಡಲು ಡ್ರೈವರ್‌ಗಳು ಕೈಯಲ್ಲಿದ್ದ ಟೀ ಬಿಟ್ಟು ಬರುತ್ತಿದ್ದರು. ನಾನು ಮೇಷ್ಟರ ಹಾಗೆ ವಿವರಿಸುತ್ತಿದ್ದೆ. 'ಹೈಡ್ರೋಜನ್ ಮಂಜ' ಎಂದು ಕರೆಯತೊಡಗಿದರು. ಅವರು ಕರೆದದ್ದು ತಮಾಷೆಗೆ, ನಾನು ಬಿರುದು ಅಂದುಕೊಂಡೆ.

ಆದರೆ ಕಿಟ್ ಹಾಕಿಸಿಕೊಳ್ಳಲು ಯಾರೂ ಮುಂದೆ ಬರಲಿಲ್ಲ. ಆಗಲೂ ಬಂದವನು ತಿಪ್ಪೇಶಣ್ಣನೇ. "ನಮ್ ಗಾಡಿಗೆ ಹಾಕು ಮಂಜ. ಯಜಮಾನ್ರಿಗೆ ನಾನು ಹೇಳ್ತೀನಿ" ಅಂದ.

ಮೈಲೇಜ್ ನೋಡಲು ನಮ್ಮಲ್ಲಿ ಒಂದು ಕ್ರಮವಿದೆ. ಟ್ಯಾಂಕಿನ ಬಾಯಿ ತನಕ ಡೀಸೆಲ್ ತುಂಬಿಸಿ ಹೊರಡುವುದು. ಸುತ್ತಿ ಬಂದು ಅದೇ ಬಂಕಿನಲ್ಲಿ ಮತ್ತೆ ಬಾಯಿ ತನಕ ತುಂಬಿಸುವುದು. ಎರಡನೇ ಸಲ ಎಷ್ಟು ಹಿಡಿಯಿತೋ ಅಷ್ಟು ಖರ್ಚಾಯಿತು ಎಂದು ಲೆಕ್ಕ. ಎರಡು ಸಲವೂ ಗಾಡಿ ಸಮತಟ್ಟಾಗಿ ನಿಂತಿರಬೇಕು, ಅಷ್ಟೇ. ವಾಲಿದ ಕೊಡಕ್ಕೆ ನೀರು ಹಾಕಿದರೆ ಒಳಗೆ ಜಾಗ ಇದ್ದರೂ ಬಾಯಿಗೆ ಬಂದುಬಿಡುತ್ತದೆ. ಟ್ಯಾಂಕೂ ಹಾಗೆಯೇ.

ಹಿರಿಯೂರಿನಲ್ಲಿ ತುಂಬಿಸಿಕೊಂಡು ಚಿತ್ರದುರ್ಗ, ಹೊಳಲ್ಕೆರೆ, ರಾಮಗಿರಿ, ಹೊಸದುರ್ಗ ಸುತ್ತಿ ವಾಪಸ್ ಬಂದೆವು. ಹೊರಡುವ ಮುಂಚೆ ಗಾಳಿ ಫಿಲ್ಟರ್ ಬದಲಿಸಿದ್ದೆ, ಡೀಸೆಲ್ ಚಿಮ್ಮಿಸುವ ನಾಝಲ್ ಸ್ವಚ್ಛ ಮಾಡಿದ್ದೆ, ಟೈರಿನ ಗಾಳಿ ಸರಿ ಮಾಡಿದ್ದೆ. ಇಷ್ಟಕ್ಕೇ ಮೈಲೇಜ್ ಸ್ವಲ್ಪ ಏರುತ್ತದೆ; ಇದ್ಯಾವುದನ್ನೂ ಶೇಖರಪ್ಪನವರಿಗೆ ಹೇಳಿರಲಿಲ್ಲ. ಅದೂ ಸಾಲದು ಅಂತ — ವಾಪಸ್ ಬಂದು ಎರಡನೇ ಸಲ ತುಂಬಿಸುವಾಗ ಬಂಕಿನಲ್ಲಿ ಗಾಡಿಗಳ ಗದ್ದಲ. ನಮ್ಮ ಲಾರಿಯ ಒಂದು ಬದಿಯ ಚಕ್ರಗಳು ಕಾಂಕ್ರೀಟಿನಿಂದ ಕೆಳಗಿಳಿದು ನಿಂತಿದ್ದವು. ಟ್ಯಾಂಕಿನ ಬಾಯಿ ಇರುವ ಬದಿಯೇ ತಗ್ಗಾಗಿತ್ತು.

"ಲೇ ಮಂಜ, ಗಾಡಿ ವಾಲೈತೆ. ತಡಿ, ಸಮಕ್ಕೆ ನಿಲ್ಲಿಸ್ತೀನಿ" ಅಂದ ತಿಪ್ಪೇಶಣ್ಣ.

ಶೇಖರಪ್ಪನವರು ತಾವೇ ಕಾರಿನಲ್ಲಿ ಬಂದು ಕಾಯುತ್ತಿದ್ದರು. ಸುತ್ತ ಜನ ಸೇರಿತ್ತು. ನಾನು, "ಅಷ್ಟರಲ್ಲಿ ಏನಾಗ್ತೈತೆ ಬಿಡಣ್ಣ" ಅಂದೆ. ಅವನು ನನ್ನ ಮುಖ ನೋಡಿದ, ಗಾಡಿಯನ್ನು ಅಲ್ಲೇ ಬಿಟ್ಟ. ನನ್ನ ಮಾನ ಉಳಿಯಲಿ ಅಂತಲೇ ಸುಮ್ಮನಾದ ಎಂದು ಈಗ ಅನ್ನಿಸುತ್ತದೆ. ಡೀಸೆಲ್ ಬೇಗನೆ ಬಾಯಿಗೆ ಬಂತು, ಖರ್ಚು ಕಡಿಮೆ ಎಂದು ಕಂಡಿತು. ಶೇಖರಪ್ಪನವರು ಲೆಕ್ಕ ಹಾಕಿ, ನನ್ನ ಬೆನ್ನು ತಟ್ಟಿ, ಮೂರು ತಾಲ್ಲೂಕಿಗೆ ಕೇಳುವ ಹಾಗೆ ಹೊಗಳಿದರು.

ಹೊಗಳಿಕೆ ಅಲ್ಲಿಗೆ ಮುಗಿದಿದ್ದರೆ ಇದು ಒಂದು ಸಣ್ಣ ಮೋಸವಾಗಿ ಉಳಿಯುತ್ತಿತ್ತು. ಆದರೆ ಲಾರಿ ಮಾಲೀಕರಿಗೆ ಮೈಲೇಜ್ ಅಂದರೆ ಬರೀ ಎಂಜಿನ್ನಿನ ವಿಷಯವಲ್ಲ, ಡ್ರೈವರ್ ಎಂಥವನು ಎಂದು ತೂಗುವ ತಕ್ಕಡಿ. ಮೈಲೇಜ್ ಬಂದರೆ ಒಳ್ಳೆಯವನು. ಇಳಿದರೆ ದಾರಿಯಲ್ಲಿ ಡೀಸೆಲ್ ಮಾರಿಕೊಂಡವನು. ಶೇಖರಪ್ಪನವರು ನನ್ನ ಆ ವಾಲಿದ ಲೆಕ್ಕವನ್ನೇ ಇಟ್ಟುಕೊಂಡು ತಿಪ್ಪೇಶಣ್ಣನಿಗೆ ಟ್ರಿಪ್ಪಿಗೆ ಕೊಡುವ ಡೀಸೆಲ್ ಕಡಿಮೆ ಮಾಡಿದರು. ಅದು ಸಾಲಲಿಲ್ಲ. ಹೇಗೆ ಸಾಲುತ್ತದೆ? ಪ್ರತಿ ಟ್ರಿಪ್ಪಿಗೂ ಅವನು ದಾರಿಯಲ್ಲಿ ಮತ್ತೆ ಡೀಸೆಲ್ ಹಾಕಿಸಿ, ಮಾಲೀಕರಿಗೆ ಫೋನ್ ಮಾಡಿ, ಅನ್ನಿಸಿಕೊಂಡು ಬರತೊಡಗಿದ.

ಒಂದು ಬೆಳಿಗ್ಗೆ ಶೇಖರಪ್ಪನವರು ನನ್ನನ್ನು ಹೊಸದುರ್ಗಕ್ಕೆ ಕರೆಸಿದರು. ಕಾಯಿ ಲೋಡ್ ಮಾಡುವ ಅಂಗಳ. ಹಮಾಲರು, ಬೇರೆ ಡ್ರೈವರ್‌ಗಳು ಎಲ್ಲರೂ ಇದ್ದರು. ತಿಪ್ಪೇಶಣ್ಣ ತನ್ನ ಲಾರಿಗೆ ಒರಗಿ ನಿಂತಿದ್ದ. ಶೇಖರಪ್ಪನವರು ಕೆಟ್ಟವರಲ್ಲ. ತೀರ್ಮಾನ ಮಾಡುವ ಮುಂಚೆ ತಿಳಿದವನನ್ನು ಕೇಳಬೇಕು ಎಂಬ ನ್ಯಾಯ ಅವರದು. ತಿಳಿದವನು ಅಂದರೆ ನಾನು.

"ನೋಡಪ್ಪ ಮಂಜುನಾಥ, ನಿನ್ ಕಿಟ್ ಕೆಟ್ಟೈತಾ? ಇದ್ದದ್ದು ಇದ್ದಂಗೆ ಹೇಳು."

ಕೆಟ್ಟಿದೆ ಅಂದಿದ್ದರೂ ಸಾಕಿತ್ತು. ಅವತ್ತು ಗಾಡಿ ವಾಲಿತ್ತು ಎಂಬ ಮೂರು ಮಾತು — ಅಷ್ಟು ಸಾಕಿತ್ತು. ನಾಲಿಗೆಯ ತುದಿಗೆ ಬಂದಿತ್ತು ಎಂದೆಲ್ಲ ಬರೆಯಬಹುದು, ಆದರೆ ಬಂದಿರಲಿಲ್ಲ. ನನ್ನ ಕಣ್ಣ ಮುಂದೆ ಇದ್ದದ್ದು ಗುಳ್ಳೆ ನೋಡಲು ಬರುತ್ತಿದ್ದ ಆ ಜನ, ಅವರ ಎದುರು ನಾನು ಪೆದ್ದನಾಗುವುದು. ಕಿಟ್ಟಿನ ಹತ್ತಿರ ಹೋಗಿ, ಪೈಪು ಮುಟ್ಟಿ ನೋಡಿದ ಹಾಗೆ ಮಾಡಿ, ಹೇಳಿದೆ:

"ಕಿಟ್ ಸರಿ ಐತ್ರಿ ಯಜಮಾನ್ರೆ. ಡೀಸೆಲ್ ಎಲ್ಲಿಗೆ ಹೋಗ್ತೈತೆ ಅಂತ ಗಾಡಿ ಓಡ್ಸೋರನ್ನೇ ಕೇಳ್ರಿ."

ಲಾರಿಗೆ ಒರಗಿದ್ದ ತಿಪ್ಪೇಶಣ್ಣ ನೆಟ್ಟಗೆ ನಿಂತ. ಬಂಕಿನಲ್ಲಿ ನಡೆದದ್ದನ್ನು ಅವನೇ ಹೇಳಬಹುದಿತ್ತು. ಹೇಳಿದ್ದರೆ, ಸಿಕ್ಕಿಬಿದ್ದ ಕಳ್ಳ ಇನ್ನೊಬ್ಬನ ಮೇಲೆ ಹಾಕುತ್ತಿದ್ದಾನೆ ಎಂದು ಎಲ್ಲರೂ ನಗುತ್ತಿದ್ದರು. ಅದಕ್ಕೂ ಮೊದಲು ನಾನೇ ಅಲ್ಲ ಅನ್ನುತ್ತಿದ್ದೆ — ಅದನ್ನು ಅವನು ನನ್ನ ಮುಖದಲ್ಲೇ ಓದಿರಬೇಕು. ಕ್ಯಾಬಿನ್ ಹತ್ತಿ ದೇವರ ಫೋಟೋ, ಟವಲು ತೆಗೆದುಕೊಂಡು ಇಳಿದ. ಕೀಲಿಯನ್ನು ಸೀಟಿನ ಮೇಲೆ ಬಿಟ್ಟ. ಗೇಟಿನ ತನಕ ನಡೆದು ಹೋದ.

ಆಮೇಲೆ ಅವನಿಗೆ ಯಾರೂ ಲಾರಿ ಕೊಡಲಿಲ್ಲ. ನನಗೆ ಹೈಡ್ರೋಜನ್ ಮಂಜ ಎಂಬ ಹೆಸರಿದ್ದ ಹಾಗೆ ಅವನಿಗೆ 'ಡೀಸೆಲ್ ತಿಪ್ಪ' ಎಂಬ ಹೆಸರಾಯಿತು. ಆದಿವಾಲದಲ್ಲಿ ಯಾರದೋ ಟ್ರ್ಯಾಕ್ಟರ್ ಓಡಿಸುತ್ತಿದ್ದಾನೆ ಎಂದು ಕೇಳಿದೆ. ಹೋಗಿ ನೋಡಲಿಲ್ಲ. ಇತ್ತ ಶೇಖರಪ್ಪನವರ ಹೊಗಳಿಕೆ ಕೇಳಿ ನನ್ನ ಕಿಟ್ ಹಾಕಿಸಿಕೊಂಡಿದ್ದ ಉಳಿದವರಿಗೂ ಮೈಲೇಜ್ ಬರಲಿಲ್ಲ. ಒಬ್ಬೊಬ್ಬರಾಗಿ ಬಿಚ್ಚಿಸಿ ಎಸೆದರು. ನನಗೆ ಕಿಟ್ ಮಾರಿದವನು ಫೋನ್ ಎತ್ತುವುದನ್ನೇ ನಿಲ್ಲಿಸಿದ. ಶೇಖರಪ್ಪನವರು ಕೂಡ, "ನಿನ್ನ ಆ ನೀರಿನ ಡಬ್ಬಿ ಕಂಡಿದೀನಿ ಬಿಡಪ್ಪ" ಎಂದು ನಕ್ಕರು. ನಾನೂ ನಕ್ಕೆ. ಕಿಟ್ಟೇ ಸುಳ್ಳಾದ ಮೇಲೆ ತಿಪ್ಪೇಶಣ್ಣ ಹೇಗೆ ಕಳ್ಳನಾದ ಎಂದು ಅವರು ಕೇಳಲಿಲ್ಲ, ಯಾರೂ ಕೇಳಲಿಲ್ಲ. ಯಾರಾದರೂ ಕೇಳಿಬಿಟ್ಟಾರು ಎಂಬ ಭಯದಲ್ಲೇ ನಾನು ಇಷ್ಟು ವರ್ಷ ಇದ್ದೆ. ಕೇಳಲಿ ಎಂದು ಒಂದು ದಿನವೂ ಬಯಸಲಿಲ್ಲ.

ಹೋದ ವಾರ ತಿಪ್ಪೇಶಣ್ಣ ನನ್ನ ಗ್ಯಾರೇಜಿಗೆ ಬಂದ. ದಾರಿಯಲ್ಲಿ ಟ್ರ್ಯಾಕ್ಟರಿನ ಡೀಸೆಲ್ ಪಂಪು ಕೈಕೊಟ್ಟಿತ್ತು, ಹತ್ತಿರದಲ್ಲಿ ಬೇರೆ ಗ್ಯಾರೇಜು ಇರಲಿಲ್ಲ. ತಲೆ ಬೆಳ್ಳಗಾಗಿದೆ. ಮಾಮೂಲಿನ ಹಾಗೆ ಮಾತಾಡಿಸಿದ. ಗಾಡಿ ಒಪ್ಪಿಸುವ ಮುಂಚೆ ಸೀಟಿನ ಕೆಳಗಿನಿಂದ ಒಂದು ಕಡ್ಡಿ ತೆಗೆದು, ಟ್ಯಾಂಕಿನೊಳಗೆ ಇಳಿಬಿಟ್ಟು, ಮೇಲೆತ್ತಿ, ಒದ್ದೆಯಾದ ಗುರುತನ್ನು ನನಗೆ ತೋರಿಸಿದ.

"ಇಲ್ಲಿಗೈತೆ, ನೋಡ್ಕಳಪ್ಪ. ಆಮೇಲೆ ಮಾತು ಬರೋದು ಬ್ಯಾಡ."

ನನ್ನನ್ನು ಚುಚ್ಚಲು ಹಾಗೆ ಮಾಡಿದ ಎಂದುಕೊಂಡೆ. ಅಲ್ಲ. ಅವನ ಜೊತೆ ಬಂದಿದ್ದ ಟ್ರ್ಯಾಕ್ಟರಿನ ಯಜಮಾನರೇ ಹೇಳಿದರು — ಎಲ್ಲಿ ಗಾಡಿ ಬಿಟ್ಟರೂ, ಎಲ್ಲಿಂದ ತಂದರೂ, ಯಾರು ಎದುರಿಗಿದ್ದರೂ ಕಡ್ಡಿ ಇಳಿಸಿ ತೋರಿಸುತ್ತಾನಂತೆ. ಬೇಡ ಅಂದರೂ ಕೇಳುವುದಿಲ್ಲವಂತೆ. ಕಡ್ಡಿಯ ತುದಿ ಹಳೆಯ ಡೀಸೆಲ್ ಕುಡಿದು ಕಪ್ಪಾಗಿತ್ತು.

ಸಂಜೆ ಅವನೊಬ್ಬನೇ ಗಾಡಿ ಒಯ್ಯಲು ಬಂದಾಗ ಹೇಳಿದೆ. "ಅಣ್ಣ, ಅವತ್ತು ಗಾಡಿ ವಾಲಿತ್ತು. ನನಗೆ ಗೊತ್ತಿತ್ತು. ನೀನು ಕದ್ದಿಲ್ಲ ಅನ್ನೋದೂ ಗೊತ್ತಿತ್ತು."

ಅವನು ಕಡ್ಡಿಯನ್ನು ಟವಲಿನಲ್ಲಿ ಒರೆಸುತ್ತಿದ್ದ. ಒರೆಸುವುದನ್ನು ನಿಲ್ಲಿಸಲಿಲ್ಲ.

"ನನಗ್ಯಾಕೆ ಹೇಳ್ತೀಯ ಮಂಜ? ನಾನು ಕದ್ದಿಲ್ಲ ಅಂತ ನಂಗೆ ಗೊತ್ತೇ ಐತಲ್ಲ."

ಅಷ್ಟೇ ಅಂದ. ಮತ್ತೆ ಟ್ಯಾಂಕಿಗೆ ಕಡ್ಡಿ ಇಳಿಸಿ, ನನಗೆ ತೋರಿಸಿ, ಗಾಡಿ ಸ್ಟಾರ್ಟ್ ಮಾಡಿಕೊಂಡು ಹೋದ.

ಅವನಿಗೆ ಹೇಳಿ ಹಗುರಾಗಲು ನೋಡಿದ್ದೆ — ಅದೂ ಯಾರೂ ಇಲ್ಲದ ಹೊತ್ತು ನೋಡಿಕೊಂಡು. ಅವನು ಕದ್ದಿಲ್ಲ ಎಂದು ಗೊತ್ತಿಲ್ಲದವರು ಹೊಸದುರ್ಗದಲ್ಲಿದ್ದಾರೆ. ಸೋಮವಾರ ಶೇಖರಪ್ಪನವರ ಅಂಗಳದಲ್ಲಿ ಲೋಡಿಂಗ್ ಇದೆ. ಹಮಾಲರು, ಡ್ರೈವರ್‌ಗಳು ಎಲ್ಲರೂ ಸೇರುತ್ತಾರೆ. ಅವರ ಎದುರು ನಿಂತು ಇಷ್ಟನ್ನೂ ಹೇಳಬೇಕು. ಬಾಯಿ ಒಣಗಿದರೆ ಓದಿಯಾದರೂ ಹೇಳೋಣ ಎಂದು ಇದನ್ನು ಬರೆದಿದ್ದೇನೆ. ನಗುವವರು ನಗಲಿ. ಆದರೆ ನಾನು ಹೇಳಿದ ಮೇಲಾದರೂ ತಿಪ್ಪೇಶಣ್ಣ ಕಡ್ಡಿ ಇಳಿಸದೆ ಗಾಡಿ ಬಿಡುತ್ತಾನೆ ಎಂಬ ನಂಬಿಕೆ ನನಗಿಲ್ಲ.